ಊರಮ್ಮನಿಗೆ ಕಣ್ಣು ಬಿಡಿಸಿದ ದಿನ

ವಿಮಾನ ನಿಲ್ದಾಣದ ರಸ್ತೆಯಲ್ಲಿ ನಾನು ಕೆಲಸಕ್ಕಿದ್ದ ಹೋಟೆಲಿನ ಬಾಗಿಲು ದಾಟಿದ ಕೂಡಲೇ ಆಳೆತ್ತರದ ಮರದ ಗಣಪತಿಯೊಂದು ಎದುರಾಗುತ್ತಿತ್ತು. ಕೆತ್ತಿದವರು ನಮ್ಮಪ್ಪ. ಅದರ ಧೂಳು ಒರೆಸಿದರೋ ಇಲ್ಲವೋ ಎಂದು ದಿನಾ ನೋಡುವುದು ನನ್ನ ಕೆಲಸ. ಅಪ್ಪ ಮಾಡಿದ ದೇವರಿಗೆ ಮಗಳು ಸಂಬಳ ತಗೊಂಡು ಸೇವೆ ಮಾಡುತ್ತಾಳೆ ಎಂದು ನನ್ನನ್ನು ನಾನೇ ಗೇಲಿ ಮಾಡಿಕೊಳ್ಳುತ್ತಿದ್ದೆ. ಆ ಗಣಪತಿಗೆ ಮೊರದಂಥ ಕಿವಿ, ಸೊಂಡಿಲು, ಹೊಟ್ಟೆಗೆ ಸುತ್ತಿದ ಹಾವು, ಹಾವಿನ ಹೆಡೆಯ ಮೇಲಿನ ಗೆರೆಗಳು, ಎಲ್ಲವೂ ಇದ್ದವು. ಕಣ್ಣಿನ ಜಾಗದಲ್ಲಿ ಮಾತ್ರ ಎರಡು ನುಣುಪಾದ ಉಬ್ಬು. ಕೇಳಿದವರಿಗೆಲ್ಲ ನಮ್ಮ ಮ್ಯಾನೇಜರು, ಇದು ಧ್ಯಾನದಲ್ಲಿರುವ ಗಣೇಶ ಎಂದು ಹೇಳುತ್ತಿದ್ದರು. ಬಂದವರು ಅದನ್ನೇ ನಂಬಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ಪೂಜೆಗೆ ಕೂರದ ದೇವರಿಗೆ ನಮ್ಮ ಮನೆತನದಲ್ಲಿ ಕಣ್ಣು ಬಿಡಿಸುವುದಿಲ್ಲ, ಅಷ್ಟೇ. ಪೂಜೆಯ ಮೂರ್ತಿಗೂ ರೆಪ್ಪೆಯ ಗೆರೆ, ಗುಡ್ಡೆ ಕೆತ್ತುವುದು ಎಲ್ಲಕ್ಕಿಂತ ಕೊನೆಗೆ. ಅದೂ ಕೆತ್ತಿದ ಮನೆಯಲ್ಲಲ್ಲ. ಮೂರ್ತಿ ತನ್ನ ಗುಡಿಯ ಪೀಠದ ಮೇಲೆ ಕೂತ ಮೇಲೆ, ಪರದೆಯ ಮರೆಯಲ್ಲಿ. ಮರಕ್ಕೆ ಮೊದಲ ಉಳಿ ಇಟ್ಟ ಕೈಯೇ ಕಣ್ಣನ್ನೂ ಬಿಡಿಸಬೇಕು. ಹೋಟೆಲಿಗೆ ಮೂರ್ತಿಗಳನ್ನು ಕೊಳ್ಳಲು ಬಂದಿದ್ದ ಅಲಂಕಾರದ ಕಂಟ್ರಾಕ್ಟರು ಕಣ್ಣೂ ಇಟ್ಟುಕೊಡಿ ಎಂದು ಹಟ ಹಿಡಿದಾಗ ಅಪ್ಪ ಕೇಳಿದ್ದರು: "ಅಲ್ಲಿ ಆರತಿ ಎತ್ತೋರಿಲ್ಲ, ಕಷ್ಟ ಹೇಳ್ಕೊಳ್ಳೋರಿಲ್ಲ. ಕಣ್ ಬಿಟ್ಕೊಂಡ್ ಕೂತು ಏನ್ ನೋಡ್ಬೇಕು ಸಾರ್ ಅವ್ನು, ಸೂಟ್‌ಕೇಸ್‌ನಾ?"

ಈಗ ನಮ್ಮವ್ವನ ತವರಿನ ವಿಷಯಕ್ಕೆ ಬರುತ್ತೇನೆ. ಆ ಊರು ಈಗ ಇಲ್ಲ. ದೇವನಹಳ್ಳಿ ಕಡೆ ವಿಮಾನ ಇಳಿಯುವ ಬಯಲಿನ ಕಾಂಪೌಂಡಿನೊಳಗೆ ಎಲ್ಲೋ ಸೇರಿಹೋಗಿದೆ. ಊರಿನವರಿಗೆ ಬೇರೆ ಕಡೆ ಸಾಲು ಸೈಟು ಕೊಟ್ಟರು. ಸಾಮಾನು ತುಂಬುವ ದಿನ ಗುಡಿಯಲ್ಲಿದ್ದ ಮರದ ಊರಮ್ಮನನ್ನೂ ಎತ್ತಲು ಹೋದರು. ಅದು ನಮ್ಮಪ್ಪನ ತಾತ ಕೆತ್ತಿದ ಮೂರ್ತಿ. ಎಣ್ಣೆ, ಅರಿಶಿನ ಮೆತ್ತಿ ಮೆತ್ತಿ ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದವಳನ್ನು ಒಳಗೆಲ್ಲ ಗೆದ್ದಲು ತಿಂದು ಮುಗಿಸಿತ್ತು. ತೋಳು ಹಿಡಿದವನ ಕೈಯಲ್ಲಿ ತೋಳೇ ಉಳಿಯಿತು. ಜನ ಅತ್ತುಕೊಂಡೇ ಅವಳನ್ನು ಕೆರೆಗೆ ಬಿಟ್ಟರು. ಅವಳ ಮುಖಕ್ಕೆ ಅಂಟಿಸುತ್ತಿದ್ದ ಬೆಳ್ಳಿಯ ಕಣ್ಣುಗಳನ್ನು ಮಾತ್ರ ತೆಗೆದಿಟ್ಟುಕೊಂಡರು. ಹೊಸ ಊರಮ್ಮನಿಗೆ ಹಳೆಯ ಊರಿನ ಮರವೇ ಆಗಬೇಕು ಎಂದು, ಜೆಸಿಬಿ ಬರುವ ಮೊದಲೇ ಗುಡಿ ಪಕ್ಕದ ಹಲಸಿನ ಮರ ಕಡಿದು, ದಿಮ್ಮಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಮಧುರೆ ಹೋಬಳಿಯ ನಮ್ಮೂರಿಗೆ ತಂದಿಳಿಸಿದರು.

ಅವ್ವ ಆ ದಿಮ್ಮಿಯ ಪಕ್ಕ ಬಹಳ ಹೊತ್ತು ಕೂತಿದ್ದಳು. "ತವರಿಂದ ಸೀರೆ ಬರ್ತಿತ್ತು. ಈ ಸಲ ಸೌದೆ ಬಂತು ನೋಡು" ಎಂದು ನಕ್ಕಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು.

ದಿಮ್ಮಿ ನೆರಳಿನಲ್ಲಿ ಒಣಗುತ್ತಿದ್ದ ಕಾಲದಲ್ಲೇ ಅಪ್ಪನ ಕಣ್ಣು ಕೈಕೊಡಲು ಶುರುವಾಯಿತು. ಮೊದಮೊದಲು ನಾವು ತಮಾಷೆ ಮಾಡುತ್ತಿದ್ದೆವು. ಎದುರಿಗಿದ್ದ ಲೋಟ ಕಾಣುತ್ತಿತ್ತು, ಪಕ್ಕದಲ್ಲಿದ್ದ ತಟ್ಟೆ ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಚೌಕಟ್ಟನ್ನೇ ಬೈಯುತ್ತಿದ್ದರು. ದೊಡ್ಡಬಳ್ಳಾಪುರದ ಕಣ್ಣಿನ ಡಾಕ್ಟರು ಲೈಟು ಹಾಕಿ ನೋಡಿ, ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಡ್ರಾಪ್ಸ್ ಹಾಕಿದರೆ ಇರುವುದು ಇನ್ನೊಂದಷ್ಟು ದಿನ ಉಳಿಯಬಹುದು ಎಂದರು. ಆಟೋದಲ್ಲಿ ಕೂತ ಮೇಲೆ ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: "ನಿನ್ ತವರೋಳ್ ಕಣ್ ಒಂದ್ ಬಿಡಿಸ್ಬಿಡ್ತೀನಿ. ಆಮೇಲೆ ಹೋದ್ರೆ ಹೋಗ್ಲಿ." ಅಂದಿನಿಂದ ನಮ್ಮ ಮನೆಯಲ್ಲಿ ಅದೊಂದೇ ಚಿಂತೆಯಾಯಿತು.

ಈ ಸುದ್ದಿ ಹೊರಗೆ ಹೋಗಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಕಾರಣವಿತ್ತು. ಹೊಸ ಬಡಾವಣೆಗೆ ಹೋದವರಲ್ಲಿ ಕೆಲವರಿಗೆ ಮರದ ದೇವರು ಬೇಡವಾಗಿತ್ತು. ಗೆದ್ದಲು ಹಿಡಿಯುವ ದೇವರು ಯಾಕೆ, ತಮಿಳುನಾಡಿನಿಂದ ಕಪ್ಪು ಕಲ್ಲಿನ ಮೂರ್ತಿ ತರಿಸೋಣ ಎನ್ನುತ್ತಿದ್ದರು. ಆಚಾರಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದರೆ ಮುಗಿಯಿತು, ಕಲ್ಲಿನವರೇ ಗೆಲ್ಲುತ್ತಿದ್ದರು. ಅವ್ವನ ಪಾಲಿಗೆ ತವರಿನದು ಅಂತ ಉಳಿದಿದ್ದದ್ದು ಆ ಹಲಸಿನ ದಿಮ್ಮಿ ಒಂದೇ.

ಅಪ್ಪ ಕೆತ್ತಿದರು. ಅರ್ಧ ಕಣ್ಣಿನಲ್ಲಿ, ಅರ್ಧ ಬೆರಳಿನಲ್ಲಿ. ಹಲಸಿನ ತಿರುಳು ಅರಿಶಿನದ ಹಾಗೆ ಹಳದಿ. ಚಕ್ಕೆ ಎದ್ದಂತೆಲ್ಲ ಪಡಸಾಲೆಯ ತುಂಬ ಹಣ್ಣಿನ ವಾಸನೆ. ಅವ್ವ ಎದುರು ಕೂತು ತಪ್ಪು ಹುಡುಕುತ್ತಿದ್ದಳು. "ಮೂಗು ಇನ್ನೊಂಚೂರು ಗಿಡ್ಡ ಇತ್ತು." "ನಿಮ್ಮೂರಲ್ಲಿ ಯಾರ್ ಮೂಗ್ ತಾನೇ ಉದ್ದ ಇದೆ?" ಎಂದು ಅಪ್ಪ ಉಳಿ ಒತ್ತುತ್ತಿದ್ದರು. ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾಲ್ಕು ಕೈ, ಕಿರೀಟ, ಕೊರಳಿನ ಅಡ್ಡಿಕೆ, ಮಡಿಚಿದ ಒಂದು ಕಾಲು, ಎಲ್ಲ ಬಂದವು. ಮುಖವೂ ಬಂತು. ಕಣ್ಣಿನ ಜಾಗದಲ್ಲಿ ಎರಡು ಉಬ್ಬು ಬಿಟ್ಟು, ಬಿಳಿ ಪಂಚೆ ಹೊದಿಸಿ, ಅಪ್ಪ ಊರಿನವರಿಗೆ ಹೇಳಿ ಕಳಿಸಿದರು.

ಅಲ್ಲಿಂದ ಶುರುವಾಯಿತು ಕಾಯುವುದು. ಗುಡಿಯೇ ಇನ್ನೂ ಎದ್ದಿರಲಿಲ್ಲ. ಊರ ಯಜಮಾನರು ಬಂದು, "ಆಷಾಢ ಒಂದ್ ಕಳೀಲಿ ಆಚಾರ್ರೇ" ಎಂದರು. ಆಷಾಢ ಕಳೆಯಿತು. ಗುಡಿಗೆಂದು ಗುರುತಿಸಿದ ಜಾಗ ನಕ್ಷೆಯಲ್ಲಿ ಪಾರ್ಕು ಎಂದು ಗೊತ್ತಾಯಿತು. ಬೇರೆ ಜಾಗ ಸಿಕ್ಕಿತು. ಅಲ್ಲಿ ಗುಡಿಯ ಬಾಗಿಲು ಯಾರ ಮನೆ ಕಡೆಗೆ ಇರಬೇಕು ಎಂದು ಊರಿನ ಅಣ್ಣತಮ್ಮಂದಿರೇ ಕೈಕೈ ಮಿಲಾಯಿಸಿದರು. ಆಮೇಲೆ ಯಾರದೋ ಸೂತಕ. ಆಮೇಲೆ ಎಲೆಕ್ಷನ್ನು. ಪ್ರತಿ ಸಲ ಯಜಮಾನರು ಬಂದು ಕಾಫಿ ಕುಡಿದು ಇನ್ನೊಂದು ತಿಂಗಳು ಹೇಳಿ ಹೋಗುತ್ತಿದ್ದರು. ಅವರು ಗೇಟು ದಾಟುವವರೆಗೆ ಅಪ್ಪ ಅವರ ದನಿ ಬಂದ ಕಡೆಗೇ ಮುಖ ಮಾಡಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರ ಜಗಳ ತೀರುವಷ್ಟರಲ್ಲಿ ನಮ್ಮಪ್ಪನ ಕಣ್ಣೇ ತೀರಿಹೋಗುತ್ತದೆ ಎಂದು ಕೂಗಿ ಹೇಳಬೇಕು ಅನಿಸುತ್ತಿತ್ತು. ಹೇಳುವ ಹಾಗಿರಲಿಲ್ಲ.

ಒಂದು ದಿನ ತಡೆಯಲಾರದೆ ಅಪ್ಪನಿಗೇ ಹೇಳಿದೆ: "ಇಲ್ಲೇ ಬಿಡಿಸ್ಬಿಡಪ್ಪ. ಇನ್ನೂ ಒಂಚೂರು ಕಾಣ್ತಿದೆಯಲ್ಲ. ಯಾರಿಗ್ ಗೊತ್ತಾಗತ್ತೆ?"

"ಕೂರೋಕೆ ಜಾಗ ಇಲ್ದೋಳಿಗೆ ಕಣ್ ಬಿಡಿಸಿದ್ರೆ, ಮೊದ್ಲು ಏನ್ ನೋಡ್ತಾಳೆ? ನಮ್ ಪಡಸಾಲೆ ಗೋಡೇನಾ? ಊರ್ ಕಳ್ಕೊಂಡ್ ಬಂದವ್ಳೆ ಕಣಮ್ಮ. ಕಣ್ ಬಿಟ್ಟಾಗ ಅವಳ್ ಜನ ಇರ್ಬೇಕು."

ಅವ್ವನ ಕಡೆ ನೋಡಿದೆ. ಅವಳಾದರೂ ಹೂಂ ಅನ್ನಬಹುದು ಅಂದುಕೊಂಡೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

ಕೊನೆಗೂ ಶೀಟಿನ ಮಾಡಿನ ಒಂದು ಸಣ್ಣ ಗುಡಿ ಎದ್ದಿತು, ದಿನವೂ ಗೊತ್ತಾಯಿತು. ಅಷ್ಟರಲ್ಲಿ ಅಪ್ಪನಿಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಒಪ್ಪೊತ್ತು ಊಟ ಮಾಡಿ, ಬರಿನೆಲದ ಮೇಲೆ ಮಲಗಿ, ನೇಮ ಹಿಡಿದರು. ಉಳಿಯನ್ನು ತಾವೇ ಮಸೆದರು. ಬೆಳಿಗ್ಗೆ ಟೆಂಪೊದಲ್ಲಿ ಊರಮ್ಮನ ಜೊತೆ ನಾವು ಮೂವರೂ ಹೊರಟೆವು. ಇಳಿದ ಮೇಲೆ ಅವ್ವ ಮಂಡಿ ನೋವು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅಪ್ಪನ ತೋಳು ಹಿಡಿದುಕೊಂಡಳು. ನಡೆಸುತ್ತಿದ್ದವಳು ಅವಳೇ. ತವರಿನ ಜನ ಇಬ್ಬರನ್ನೂ ಛೇಡಿಸಿ ನಕ್ಕರು.

ಮೂರ್ತಿಯನ್ನು ಪೀಠದ ಮೇಲೆ ಕೂರಿಸಿ ಹೊರಗೆ ಪರದೆ ಎಳೆದರು. ಒಳಗೆ ಆಚಾರಿ, ಮತ್ತೆ ಅವರ ಮನೆಯ ಹೆಂಗಸರು ಮಾತ್ರ. ಬಿಟ್ಟ ಕಣ್ಣು ಮೊದಲು ತನ್ನನ್ನೇ ನೋಡಿಕೊಳ್ಳಲಿ ಎಂದು ಅವ್ವ ಕನ್ನಡಿ ಹಿಡಿದಳು. ನನ್ನ ಕೈಯಲ್ಲಿ ದೀಪ. ಹೊರಗೆ ತಮಟೆ ನಿಂತಿತು. ಉಳಿಯ ಮೇಲೆ ಬೀಳುವ ಮೂರು ಏಟಿಗೆ ಜನ ಕಿವಿಗೊಟ್ಟು ಕಾಯುತ್ತಾರೆ. ಮೂರನೆಯದು ಕೇಳಿದ ಕೂಡಲೇ ಜೈಕಾರ ಹಾಕುತ್ತಾರೆ.

ಅಪ್ಪ ಎಡಗೈಯ ಹೆಬ್ಬೆರಳಿನಿಂದ ಊರಮ್ಮನ ಮುಖ ಸವರಿದರು. ಹಣೆ, ಹುಬ್ಬು, ಆಮೇಲೆ ಉಬ್ಬು. ಉಳಿಯ ಮೊನೆ ಇಟ್ಟರು. ಅದು ಜಾರಿ ಕೆನ್ನೆಗೆ ಬಂತು. ಮತ್ತೆ ಇಟ್ಟರು. ಈ ಸಲ ಮೂಗಿನ ಪಕ್ಕಕ್ಕೆ ಬಂತು.

"ದೀಪ ಹತ್ರ ತಾರಮ್ಮ" ಎಂದರು. ದೀಪ ಅವರ ಮೂಗಿನ ಹತ್ತಿರವೇ ಇತ್ತು.

"ಒಂಚೂರ್ ಮೇಲಪ್ಪ" ಎಂದು ಪಿಸುಗುಟ್ಟಿದೆ. ಅವರು ಮೊನೆಯನ್ನು ಮೇಲೆ ತಂದರು. ಸುತ್ತಿಗೆ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಹೊರಗೆ ಯಾರೋ ಮಗುವನ್ನು ಸುಮ್ಮನಿರಿಸುತ್ತಿದ್ದರು.

ಅಪ್ಪ ಸುತ್ತಿಗೆಯನ್ನು ನಿಧಾನವಾಗಿ ಕೆಳಗಿಳಿಸಿದರು. ಉಳಿಯ ಮೊನೆಯನ್ನು ಊರಮ್ಮನ ಮುಖದಿಂದ ತೆಗೆದು, ತಡಕಾಡಿ, ಅವಳ ಕಾಲ ಕೆಳಗಿನ ಕಲ್ಲಿನ ಪೀಠದ ಮೇಲಿಟ್ಟರು. ಇಟ್ಟು ಹೊಡೆದರು. ಒಂದು, ಎರಡು, ಮೂರು.

ಹೊರಗೆ ಜೈಕಾರ ಎದ್ದಿತು. ತಮಟೆಗಳು ಒಟ್ಟಿಗೆ ಬಡಿದವು. ನಾನು ಅಳುತ್ತಿದ್ದೆ. ಅವ್ವ ಅಳಲಿಲ್ಲ. ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ಊರಿನವರು ಮೊದಲೇ ಒಪ್ಪಿಸಿದ್ದ ಹಳೆಯ ಬೆಳ್ಳಿ ಕಣ್ಣುಗಳನ್ನು ಮಡಿಲಿನಿಂದ ತೆಗೆದು, ಜೇನುಮೇಣ ಹಚ್ಚಿ, ಆ ಎರಡು ಉಬ್ಬುಗಳ ಮೇಲೆ ಅಂಟಿಸಿದಳು. ಬೇಗಬೇಗ ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ಪರದೆ ಸರಿಸಲು ಹೇಳಿದಳು.

ಜನ ಕೆನ್ನೆ ಬಡಿದುಕೊಂಡರು. ಕಲ್ಲು ಬೇಕು ಎಂದಿದ್ದವರೂ ಅಡ್ಡಬಿದ್ದರು. ಯಜಮಾನರು ಅಪ್ಪನಿಗೆ ಶಾಲು ಹೊದಿಸಿ, "ಎಂಥಾ ಕಣ್ ಆಚಾರ್ರೇ! ನಮ್ಮನ್ನೇ ನೋಡ್ತಾವ್ಳೆ" ಎಂದರು. ಅಪ್ಪ, "ನೋಡ್ಲಿ" ಎಂದರು.

ಟೆಂಪೊದಲ್ಲಿ ವಾಪಸ್ ಬರುವಾಗ ವಿಮಾನವೊಂದು ತಲೆಯ ಮೇಲೇ ಹಾದು ಇಳಿಯಿತು. ಅದರ ಸದ್ದು ಅಡಗಿದ ಮೇಲೆ ಅಪ್ಪ, "ಹೊಡ್ದಿದ್ರೆ ಕೆನ್ನೆ ಸೀಳ್ಹೋಗ್ತಿತ್ತು. ಕೆಡಿಸ್ಲಿಲ್ಲ ಕಣೇ" ಎಂದರು. ಅವ್ವ ಅವರ ಶಾಲು ಸರಿಮಾಡಿದಳು. ಅವರು ಮತ್ತೆ ಉಳಿ ಹಿಡಿಯಲಿಲ್ಲ. ಸ್ವಲ್ಪ ದಿನಕ್ಕೆ ಬೆಳಕು ನೆರಳಿನ ಭೇದವೂ ಹೋಯಿತು.

ಅವ್ವ ಆ ಗುಡಿಗೆ ಇನ್ನು ಕಾಲಿಡುವುದಿಲ್ಲ ಅಂದುಕೊಂಡಿದ್ದೆ. ಎಲ್ಲ ಗೊತ್ತಿದ್ದೂ ಹೇಗೆ ಕೈ ಮುಗಿಯುತ್ತಾಳೆ? ಆದರೆ ಮಂಗಳವಾರ ಬಂತೆಂದರೆ ಅವಳು ಬಸ್ಸು ಹತ್ತುತ್ತಿದ್ದಳು. ಒಂದು ಮಂಗಳವಾರ ನನಗೆ ರಜಾ ಇತ್ತು, ಜೊತೆಗೆ ಹೋದೆ. ಪೂಜೆ ಮುಗಿದು ಜನ ಕರಗುವವರೆಗೆ ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. ಎಲ್ಲರೂ ಹೋದ ಮೇಲೆ ಎದ್ದು ಊರಮ್ಮನ ತೀರ ಹತ್ತಿರ ನಿಂತು, ಬಾಯಿ ಬಿಟ್ಟು ಮಾತಾಡಲು ಶುರು ಮಾಡಿದಳು.

"ನಾನು ಕಣವ್ವ, ಬಂದಿದೀನಿ. ಪಕ್ಕದಲ್ಲಿ ನಿಂತಿರೋಳು ನನ್ ಮಗಳು, ನೀಲಿ ಸೀರೆ ಉಟ್ಟವ್ಳೆ. ಇವತ್ತು ಜನ ಕಮ್ಮಿ ಇದ್ರು. ಯಜಮಾನ್ರ ಸೊಸೆ ಬಂದಿದ್ಲು, ಕೈಯಲ್ಲಿ ಕೂಸು, ನಿನ್ನಂಗೇ ಗಿಡ್ಡ ಮೂಗು. ನಿನ್ ಎದುರಿಗೆ ಟಾರ್ ರೋಡು. ರೋಡಿನಾಚೆ ಉದ್ದಕ್ಕೂ ಗೋಡೆ ಕಟ್ಟವ್ರೆ. ಗೋಡೆ ಆಚೆಗೆ ನಮ್ಮೂರಿತ್ತು. ಈಗ ಅಲ್ಲಿ ಏನೂ ಇಲ್ಲ ಕಣವ್ವ, ನೀನು ನೋಡ್ಬೇಕಾದ್ದು ಏನೂ ಇಲ್ಲ."

ಹೊರಗೆ ಬಂದ ಮೇಲೆ ಅವಳೇ ಹೇಳಿದಳು: "ಕಾಣ್ದೋಳಿಗೆ ಹೇಳ್ದೆ ಇದ್ರೆ ಹೆಂಗ್ ಗೊತ್ತಾಗ್ತದೆ?"

ಮನೆಗೆ ಬಂದಾಗ ಜಗಲಿಯ ಮೇಲೆ ಕೂತಿದ್ದ ಅಪ್ಪ ಗೇಟಿನ ಸದ್ದಿಗೆ ಮುಖ ಎತ್ತಿದರು. "ಹೆಂಗಿದಾಳೆ?" ಎಂದು ಕೇಳಿದರು.

ಅವ್ವ ಚಪ್ಪಲಿ ಬಿಟ್ಟು ಅವರ ಪಕ್ಕ ಕೂತಳು. ನೀರು ಕೂಡ ಕುಡಿಯದೆ, ಊರಮ್ಮನಿಗೆ ಅವತ್ತು ಉಡಿಸಿದ್ದ ಸೀರೆಯ ಬಣ್ಣದಿಂದ ಶುರು ಮಾಡಿದಳು.