ಇಬ್ಬರಿಗೂ ಕಾಣುವ ಜಾಗ

ಆ ಕಂಪ್ಯೂಟರನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ, ಟಿವಿಯ ಪಕ್ಕ, ಅಮ್ಮ ಹೊಲಿದ ಹೂವಿನ ಬಟ್ಟೆ ಹೊದ್ದು ದೊಡ್ಡ ಮನುಷ್ಯರ ಹಾಗೆ ಕೂತಿರುತ್ತಿತ್ತು ಅದು. ಉಡುಪಿಯ ಅಂಗಡಿಯೊಂದರಲ್ಲಿ ಜೋಡಿಸಿ ಕೊಟ್ಟದ್ದು. ಕೊಂಡು ತಂದವನು ಅಣ್ಣ. ಅಪ್ಪ ತೀರಿಕೊಂಡ ವರ್ಷ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಮಲ್ಪೆಯಲ್ಲಿ ಮೀನಿನ ಬೋಟು ಹತ್ತಿದ್ದ. ನಾನು ಕಾರ್ಕಳದ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದೆ, ವಾಸ ಹಾಸ್ಟೆಲಿನಲ್ಲಿ.

"ನಿನಗೆ ಓದ್ಲಿಕ್ಕೆ, ನನಗೆ ಪದ್ಯ ಕೇಳ್ಲಿಕ್ಕೆ" ಎಂದಿದ್ದ ತಂದ ದಿನ. ಮನೆಯಲ್ಲಿ ನಮ್ಮದು ತುಳು. ಅವನ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಗಮ್ಮತ್ತು ಹೋಗುತ್ತದೆ, ಏನು ಮಾಡುವುದು.

ಒಂದೇ ಮನೆಯ ಮಕ್ಕಳಾದರೂ ನಮ್ಮಿಬ್ಬರ ಭೇಟಿ ಅಪರೂಪವಾಗಿತ್ತು. ಅವನ ಬೋಟು ಸಮುದ್ರಕ್ಕೆ ಹೋದರೆ ವಾರ ಕಳೆದೇ ಬರುವುದು, ಅದೂ ಹೆಚ್ಚಾಗಿ ವಾರದ ನಡುವೆ. ಎರಡು ದಿನ ಮಲಗಿ, ತಿಂದು, ಕಂಪ್ಯೂಟರಿನಲ್ಲಿ ಹಾಡು ಕೇಳಿ ಮತ್ತೆ ಹೋಗುತ್ತಿದ್ದ. ನಾನು ಬೆಳ್ಮಣ್ ದಾರಿಯ ಬಸ್ಸು ಹಿಡಿದು ಶನಿವಾರ ಮಧ್ಯಾಹ್ನ ಬಂದರೆ ಸೋಮವಾರ ಬೆಳಿಗ್ಗೆ ಹೊರಡಬೇಕು. ನಾನು ಬರುವಾಗ ಅವನ ಲುಂಗಿ ಹಗ್ಗದ ಮೇಲೆ ಒಣಗುತ್ತಿರುತ್ತಿತ್ತು, ಅವನು ಇರುತ್ತಿರಲಿಲ್ಲ.

ಕಾಲೇಜಿನ ಲ್ಯಾಬಿನ ಕಂಪ್ಯೂಟರುಗಳು ಓಡುತ್ತಿದ್ದದ್ದು ವಿಂಡೋಸಿನಲ್ಲಲ್ಲ, ಲಿನಕ್ಸಿನಲ್ಲಿ. ಪ್ರಾಜೆಕ್ಟನ್ನೂ ಅದರಲ್ಲೇ ಮಾಡಬೇಕೆಂದು ನಮ್ಮ ಮೇಷ್ಟ್ರು ಹಟ ಹಿಡಿದಿದ್ದರು. ಹಾಗಾಗಿ ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ.ಗಳಿಂದ ಮನೆಯ ಕಂಪ್ಯೂಟರಿಗೂ ಲಿನಕ್ಸ್ ಹಾಕಿದೆ. ಅಣ್ಣನ ವಿಂಡೋಸನ್ನು ಮುಟ್ಟಲಿಲ್ಲ, ಡಿಸ್ಕಿನ ಅರ್ಧ ಜಾಗವನ್ನು ಮಾತ್ರ ನನ್ನ ಕಡೆಗೆ ಎಳೆದುಕೊಂಡೆ. ಮುಂದಿನ ವಾರ ಹಾಸ್ಟೆಲಿನ ಫೋನಿಗೆ ಅವನ ಕರೆ ಬಂತು.

"ನನ್ನ ಕಂಪ್ಯೂಟರಿನ ಅರ್ಧ ಜಾಗ ಎಲ್ಲಿ ಹೋಯ್ತು ಮಾರಾಯ್ತಿ? ಅಂಗಡಿಯವ ಮೋಸ ಮಾಡಿದ್ನಾ?"

"ಅಲ್ಲೇ ಉಂಟು ಅಣ್ಣ. ನಿನ್ನ ಕಡೆಯಿಂದ ಕಾಣುವುದಿಲ್ಲ."

"ಉಂಟಾದ್ರೆ ಯಾಕೆ ಕಾಣುವುದಿಲ್ಲ?"

ಫೋನಿಗಾಗಿ ನನ್ನ ಹಿಂದೆ ನಾಲ್ಕೈದು ಹುಡುಗಿಯರು ಕಾಯುತ್ತಿದ್ದರು. ಇದನ್ನು ಅವನಿಗೆ ಬಿಡಿಸಿ ಹೇಳುವ ವ್ಯವಧಾನ ನನಗಿರಲಿಲ್ಲ, ಹೇಳಿದರೂ ನಂಬುವಂಥ ವಿಷಯ ಅದಲ್ಲ.

ಅವನ ಇನ್ನೊಂದು ದೂರು ಶುರುವಿನ ಪರದೆಯದ್ದು. ಕಂಪ್ಯೂಟರ್ ಹಾಕಿದ ಕೂಡಲೇ ಎರಡು ಸಾಲು ಬರುತ್ತಿದ್ದವು. ಮೇಲಿನದು ಲಿನಕ್ಸ್, ಕೆಳಗಿನದು ವಿಂಡೋಸ್. ಹತ್ತು ಸೆಕೆಂಡಿನ ಒಳಗೆ ಕೆಳಬಾಣದ ಕೀಲಿ ಒತ್ತದಿದ್ದರೆ ಅದು ತಾನಾಗಿ ಲಿನಕ್ಸಿಗೆ ಹೋಗುತ್ತಿತ್ತು. "ಒಂದು ಚಾ ತರ್ಲಿಕ್ಕೆ ಹೋಗಿ ಬರುವಷ್ಟರಲ್ಲಿ ನಿನ್ನ ಕಡೆಗೆ ಓಡಿ ಆಗ್ತದೆ ಇದು" ಎಂದು ಬೈಯುತ್ತಿದ್ದ. ಹಾಗೆ ಓಡಿದಾಗಲೆಲ್ಲ ಬೇರೇನನ್ನೂ ಮುಟ್ಟದೆ ಕಂಪ್ಯೂಟರಿನ ರೀಸ್ಟಾರ್ಟ್ ಗುಂಡಿ ಒತ್ತಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ನನ್ನ ಕಡೆಗೆ ಬಂದು ನೋಡು ಎಂದು ಎಷ್ಟು ಕರೆದರೂ ಒಪ್ಪಲಿಲ್ಲ. "ಏನಾದ್ರೂ ಹಾಳಾದ್ರೆ ನಿನ್ನ ಪರೀಕ್ಷೆ ಹೋಗ್ತದೆ. ನೀನೇ ಈ ಕಡೆಗೆ ತಂದಿಡು."

ತಂದಿಡಬೇಕಾಗಿದ್ದದ್ದು ನನ್ನ ಪ್ರಾಜೆಕ್ಟನ್ನು. ಎರಡು ಊರಿನ ಹೆಸರು ಹೊಡೆದರೆ ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿದು ಬದಲಿಸಬೇಕು ಎಂದು ಹೇಳುವ ಪ್ರೋಗ್ರಾಮ್ ಅದು. ಪರದೆಯ ಮೇಲೆ ಉಡುಪಿ, ಪಡುಬಿದ್ರಿ, ಬೆಳ್ಮಣ್, ನಿಟ್ಟೆ, ಕಾರ್ಕಳವೆಲ್ಲ ಚುಕ್ಕೆಗಳಾಗಿ ಮೂಡಿ, ದಾರಿ ಕೆಂಪು ಗೆರೆಯಾಗಿ ಓಡುತ್ತಿತ್ತು. ಇದನ್ನು ನೋಡಬೇಕೆಂಬ ಅಣ್ಣನ ಆಸೆ ಸುಮ್ಮನೆ ಹುಟ್ಟಿದ್ದಲ್ಲ.

"ಬೋಟಲ್ಲಿ ಕೇಳ್ತಾರೆ, ತಂಗಿ ಅಲ್ಲಿ ಎಂತ ಮಾಡುವುದು ಅಂತ. ಕಂಪ್ಯೂಟರ್ ಅಂತ ಹೇಳ್ತೇನೆ. ಕಂಪ್ಯೂಟರಲ್ಲಿ ಎಂತ ಅಂತ ಕೇಳ್ತಾರೆ. ಮತ್ತೆ ನನಗೆ ಬಾಯಿ ಇಲ್ಲ" ಎಂದಿದ್ದ ಒಮ್ಮೆ. ನಗುತ್ತಲೇ ಹೇಳಿದ್ದ. ಆದರೆ ನನಗೆ ಅದು ನಾಟಿತು. ಅವನು ಬಿಟ್ಟ ಓದನ್ನು ನಾನು ಓದುತ್ತಿದ್ದೆ, ಅದು ಏನೆಂದು ಹೇಳಲು ಅವನ ಬಳಿ ಒಂದು ವಾಕ್ಯವೂ ಇರಲಿಲ್ಲ. ಮಳೆಗಾಲಕ್ಕೆ ಮೊದಲು ಪ್ರಾಜೆಕ್ಟ್ ಒಪ್ಪಿಸಬೇಕಿತ್ತು, ಅದಕ್ಕೆ ಮೊದಲು ಅವನಿಗೆ ತೋರಿಸಿಯೇ ಸಿದ್ಧ ಎಂದು ನಿಶ್ಚಯಿಸಿದೆ.

ಪ್ರೋಗ್ರಾಮ್ ಅವನ ವಿಂಡೋಸಿನಲ್ಲಿ ಓಡುವಂತಿರಲಿಲ್ಲ. ಪರದೆಯ ಚಿತ್ರಗಳನ್ನು ತೆಗೆದು, ಜೊತೆಗೆ ಒಂದಿಷ್ಟು ವಿವರಣೆ ಬರೆದು ಅವನಿಗೆ ಕಾಣುವಲ್ಲಿ ಇಡೋಣ ಎಂದುಕೊಂಡೆ. ಇಡುವುದೆಲ್ಲಿ? ನನ್ನ ಲಿನಕ್ಸ್ ಅವನ ಫೈಲುಗಳನ್ನು ಓದುತ್ತಿತ್ತೇ ಹೊರತು ಅಲ್ಲಿ ಬರೆಯಲು ಕೈ ಹಾಕುತ್ತಿರಲಿಲ್ಲ. ಅವನ ವಿಂಡೋಸಿಗಂತೂ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಎಂಬ ಖಬರೇ ಇಲ್ಲ. ಒಂದೇ ಪೆಟ್ಟಿಗೆಯೊಳಗೆ ಇದ್ದುಕೊಂಡು ಎಂಥ ಬಿಗುಮಾನ! ಕೊನೆಗೆ ಲ್ಯಾಬಿನ ಗೆಳತಿಯೊಬ್ಬಳು ಉಪಾಯ ಹೇಳಿಕೊಟ್ಟಳು. ಇಬ್ಬರಿಗೂ ಅರ್ಥವಾಗುವ ಹಳೆಯ ರೀತಿಯಲ್ಲಿ ಒಂದು ಸಣ್ಣ ಜಾಗ ಮಾಡಿ ನಡುವೆ ಬಿಡುವುದು, ಪಾಲಾದ ಮನೆಯಲ್ಲಿ ಬಾವಿಯನ್ನು ಎರಡು ಕಡೆಯವರಿಗೂ ಬಿಟ್ಟ ಹಾಗೆ. ಅಣ್ಣನ ಕಡೆಯಿಂದ ಅದು ಡಿ ಡ್ರೈವ್.

ಮೊದಲ ವಾರ ವಿವರಣೆಯನ್ನು ಬರೆದಿಟ್ಟು ಬಂದೆ. ಅವನು ತೆರೆದು ನೋಡಿದರೆ ಸಾಲುಗಳೇ ಇಲ್ಲ, ಎಲ್ಲವೂ ಒಂದೇ ಗೆರೆಯಲ್ಲಿ ಉದ್ದಕ್ಕೆ, ನಡುನಡುವೆ ಕಪ್ಪು ಚೌಕ. "ವೈರಸ್ ಹೊಕ್ಕಿದೆ" ಎಂದು ಅವನೇ ಅದನ್ನು ಅಳಿಸಿಬಿಟ್ಟ. ಸಾಲು ಮುಗಿಯಿತೆಂದು ಲಿನಕ್ಸ್ ಹಾಕುವ ಗುರುತು ಅವನ ವಿಂಡೋಸಿಗೆ ತಿಳಿಯುವುದಿಲ್ಲವಂತೆ. ಸಾಲು ಮುಗಿಯುವುದರಲ್ಲೂ ಜಗಳವಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಸಲ ಬರೀ ಚಿತ್ರಗಳನ್ನು ಹಾಕಿದೆ, ಪ್ರೀತಿಯಿಂದ ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟೆ. ಅಣ್ಣನ ಕಡೆ ಅವು ಯಾವುದೋ ದೇಶದ ಅಕ್ಷರಗಳಾಗಿ, ತಲೆಯ ಮೇಲೆ ಚುಕ್ಕೆ ಗೀಟು ಹೊತ್ತು ನಿಂತವು. ಒತ್ತಿದರೆ ತೆರೆಯುವುದಿಲ್ಲ. ಫೋನಿನಲ್ಲಿ ಅವನು ಆ ಅಕ್ಷರಗಳನ್ನು ನನಗೆ ವರ್ಣಿಸಲು ಹೊರಟಾಗ ನಾನು ರಿಸೀವರನ್ನು ಕುಕ್ಕಿದೆ. ಹಿಂದೆ ನಿಂತವಳು ಬೆಚ್ಚಿಬಿದ್ದಳು.

ಆಮೇಲಿನ ಶನಿವಾರ ಎಲ್ಲವನ್ನೂ ಸರಿಯಾಗಿ ಮಾಡಿದೆ. ಹೆಸರುಗಳು ಇಂಗ್ಲಿಷಿನಲ್ಲಿ, ಚಿತ್ರಗಳು ಸ್ಪಷ್ಟ. ಡಿ ಡ್ರೈವಿಗೆ ಹಾಕಿದೆ, ಹೋಯಿತು ಎಂದು ಪರದೆಯೂ ಹೇಳಿತು. ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ನಮ್ಮ ಕಡೆ ಮಳೆಗಾಲದ ಮುಂಚಿನ ಸಿಡಿಲಿಗೆ ಎಲ್ಲರಿಗೂ ಹೆದರಿಕೆ. ಗುಡುಗು ಕೇಳಿದರೆ ಅಮ್ಮಂದಿರು ಮಾಡುವ ಮೊದಲ ಕೆಲಸ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು. ಅಮ್ಮ ಮೀನು ಹೆಚ್ಚುತ್ತಿದ್ದವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿಬಂದು ಟಿವಿಯದ್ದು, ಫೋನಿನದು, ಕಂಪ್ಯೂಟರಿನದು ಒಂದೊಂದಾಗಿ ಎಳೆದೇಬಿಟ್ಟರು.

"ಅಮ್ಮಾ!" ಎಂದು ಕಿರುಚಿದೆ.

"ಎಂತ ಅಮ್ಮ? ಆಚೆಮನೆಯ ಟಿವಿ ಹೋದ ವರ್ಷ ಸುಟ್ಟು ಹೋದದ್ದು ಮರೆತುಹೋಯ್ತಾ?"

ಲಿನಕ್ಸಿನದ್ದು ಇನ್ನೊಂದು ಗುಣ ಉಂಟು. ಬರೆದೆ ಎಂದು ಹೇಳಿದ್ದನ್ನು ಅದು ನಿಜವಾಗಿ ಬರೆಯುವುದು ಸ್ವಲ್ಪ ಕಳೆದ ಮೇಲೆ. ಮಳೆ ನಿಂತು ನೋಡಿದರೆ ಡಿ ಡ್ರೈವಿನಲ್ಲಿ ಹೆಸರುಗಳೇನೋ ಇದ್ದವು, ಒಳಗೆ ಏನೂ ಇರಲಿಲ್ಲ. ಅಷ್ಟೂ ಚಿತ್ರಗಳ ಗಾತ್ರ ಸೊನ್ನೆ. ಅಳು ಬರುವಷ್ಟು ಸಿಟ್ಟು ಬಂತು.

ಒಪ್ಪಿಸುವ ಸೋಮವಾರ ಹತ್ತಿರ ಬಂತು. ಅದರ ಹಿಂದಿನ ಶನಿವಾರ ಮನೆಗೆ ಬಂದಾಗ ಅಣ್ಣ ಆ ಬೆಳಿಗ್ಗೆಯಷ್ಟೇ ಮಲ್ಪೆಗೆ ಹೋಗಿದ್ದ. ಚೀಲ ಇಟ್ಟವಳೇ ಕಂಪ್ಯೂಟರ್ ಹಾಕಿದೆ. ಲಿನಕ್ಸ್ ಅರ್ಧಕ್ಕೆ ಬಂದು ನಿಂತಿತು. ಕಪ್ಪು ಪರದೆ, ಡಿಸ್ಕು ಕೆಟ್ಟಿದೆ ಎಂಬ ದೂರು, ಆಮೇಲೆ ಸಾಲು ಸಾಲು ಪ್ರಶ್ನೆ. ಇದನ್ನು ಸರಿ ಮಾಡಲೇ, ಅದನ್ನು ತೆಗೆಯಲೇ. ಪ್ರತಿಯೊಂದಕ್ಕೂ ಹೌದು ಎಂದು ವೈ ಒತ್ತಬೇಕು. ಒತ್ತುತ್ತಾ ಹೋದೆ. ಕೆಟ್ಟವುಗಳ ಸಾಲಿನಲ್ಲಿ ಪ್ರಾಜೆಕ್ಟಿನ ಫೈಲುಗಳ ಹೆಸರುಗಳೂ ಒಂದೊಂದಾಗಿ ಪರದೆಯಲ್ಲಿ ಬಂದು ಹೋದವು. ಲ್ಯಾಬಿನಲ್ಲಿದ್ದದ್ದು ಹಳೆಯ ಪ್ರತಿ, ಕೊನೆಯ ಕೆಲಸವೆಲ್ಲ ಇದರಲ್ಲೇ ಇತ್ತು.

"ಅಮ್ಮ, ಪುನಃ ಪ್ಲಗ್ ತೆಗೆದದ್ದಾ?"

"ಈ ವಾರ ಗುಡುಗು ಎಲ್ಲಿ ಉಂಟು? ನಾನು ಅದರ ಹತ್ತಿರ ಹೋಗಲೂ ಇಲ್ಲ."

ಆಗ ಫೋನ್ ಬಡಿದುಕೊಂಡಿತು. ಬಂದರಿನ ಬೂತಿನಿಂದ ಅಣ್ಣ. ಹಿಂದೆ ಜನರ ಗದ್ದಲ, ಯಾರೋ ಯಾರನ್ನೋ ಕೂಗುತ್ತಿದ್ದರು.

"ಬೋಟಿಗೆ ಐಸ್ ತುಂಬಿಸ್ತಾ ಇದ್ದಾರೆ, ಈಗ ಹೊರಡುವುದು. ನೋಡಿದೆ ಮಾರಾಯ್ತಿ."

"ಎಂತ ನೋಡಿದ್ದು?" ನನ್ನ ದನಿ ಒರಟಾಗಿಯೇ ಇತ್ತು.

"ನಿನ್ನ ಬಸ್ಸು. ಬೆಳಿಗ್ಗೆ ಹೊರಡುವ ಮೊದಲು. ಈ ಸಲ ನಾನು ಬಾಣ ಒತ್ಲಿಲ್ಲ. ಸುಮ್ಮನೆ ಕೂತೆ, ಅದೇ ನಿನ್ನ ಕಡೆಗೆ ಹೋಯ್ತು. ಅಲ್ಲಿ ಬಸ್ಸಿನ ಚಿತ್ರ ಉಂಟಲ್ವಾ, ಅದನ್ನು ಒತ್ತಿದೆ. ಮಲ್ಪೆ ಅಂತ ಹೊಡೆದೆ, ಕಾಪು ಅಂತ ಹೊಡೆದೆ. ಉಡುಪಿಯಲ್ಲಿ ಇಳಿದು ಬಸ್ಸು ಬದಲಿಸಿ ಅಂತ ಬಂತು. ಸರಿ ಉಂಟು. ನಾನು ಹಾಗೇ ಅಲ್ವಾ ಮನೆಗೆ ಬರುವುದು."

ನಾನು ರಿಸೀವರ್ ಹಿಡಿದೇ ಕಪ್ಪು ಪರದೆಯ ಕಡೆ ತಿರುಗಿದೆ.

"ಇಲ್ಲಿ ಎಲ್ಲರಿಗೂ ಹೇಳಿ ಆಯ್ತು. ನಮ್ಮ ತಂಗಿ ಜನರಿಗೆ ದಾರಿ ಹೇಳುವ ಕಂಪ್ಯೂಟರ್ ಮಾಡಿದ್ದಾಳೆ ಅಂತ. ಆದ್ರೆ ಹೂಡೆ ಅಂತ ಹೊಡೆದ್ರೆ ಗೊತ್ತಿಲ್ಲ ಅಂತ ಹೇಳ್ತದೆ. ಅಜ್ಜಿ ಮನೆಯ ದಾರಿ ಗೊತ್ತಿಲ್ಲದ್ದು ಎಂತ ಕಂಪ್ಯೂಟರ್ ನಿನ್ನದು?" ಜೋರಾಗಿ ನಕ್ಕ. ಆಮೇಲೆ ದನಿ ತಗ್ಗಿಸಿದ. "ಅದನ್ನು ಬಂದ್ ಮಾಡುವುದು ಹೇಗೆ ಅಂತ ಗೊತ್ತಾಗ್ಲಿಲ್ಲ. ಬಸ್ಸಿಗೆ ತಡ ಆಗ್ತಿತ್ತು. ಅಮ್ಮ ಮಾಡುವ ಹಾಗೆ ಪ್ಲಗ್ ತೆಗೆದೆ. ಎಂತದೂ ಆಗ್ಲಿಲ್ಲ ಅಲ್ವಾ?"

ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಉತ್ತರಕ್ಕೆ ಕಾಯುತ್ತಿತ್ತು.

"ಎಂತದೂ ಆಗ್ಲಿಲ್ಲ ಅಣ್ಣ" ಎಂದೆ.

ಭಾನುವಾರವಿಡೀ ಕೂತು ಕಳೆದುಹೋದದ್ದನ್ನು ಹೊಸದಾಗಿ ಬರೆದೆ. ಲಿನಕ್ಸನ್ನು, ವಿಂಡೋಸನ್ನು, ಸಿ.ಡಿ. ಹಂಚಿದ ಪತ್ರಿಕೆಯನ್ನು, ನಮ್ಮ ಮೇಷ್ಟ್ರನ್ನು ಬಾಯಿಗೆ ಬಂದ ಹಾಗೆ ಬೈದೆ. ಊರುಗಳನ್ನು ಮತ್ತೆ ಒಂದೊಂದಾಗಿ ತುಂಬಿಸಬೇಕಾಗಿತ್ತು. ಮೊದಲು ಹೂಡೆಯನ್ನು ಹಾಕಿದೆ.