ನಮ್ಮ ಬಾಗಿಲಲ್ಲಿ ನಿಂತ ತಮಟೆ

ನನಗೆ ಹೊತ್ತಿಗೆ ಸರಿಯಾಗಿ ಹೆಣ್ಣು ಸಿಕ್ಕಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ತೆಂಗಿನ ತೋಟವಿದೆ, ಬೋರಿನಲ್ಲಿ ನೀರಿದೆ, ತಿಪಟೂರಿಗೆ ಕೊಬ್ಬರಿ ಸಾಗಿಸಲು ಸ್ವಂತ ಗಾಡಿಯೂ ಇದೆ. ಆದರೆ ತೋಟದ ಗಂಡು ಎಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು ಬಸ್ಸಿನ ಹೊತ್ತು ವಿಚಾರಿಸುತ್ತಾರೆ. ಈಗೀಗ ನನಗೂ ಅಭ್ಯಾಸವಾಗಿದೆ, ಅವರು ಕೇಳುವ ಮೊದಲೇ ತುರುವೇಕೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿಬಿಡುತ್ತೇನೆ.

ನನ್ನ ಮದುವೆಗೂ ನಮ್ಮೂರಮ್ಮನ ಆರತಿಗೂ ಒಂದು ನಂಟಿತ್ತು. ಊರಮ್ಮನ ಹಬ್ಬದ ದಿನ ಸಂಜೆ ಪೂಜಾರಪ್ಪ ದೇವಿಯನ್ನು ತಲೆಯ ಮೇಲೆ ಹೊತ್ತು ಬೀದಿಯಲ್ಲಿ ಬರುತ್ತಾರೆ. ಮುಂದೆ ತಮಟೆಯವರು. ಪ್ರತಿ ಮನೆಯ ಬಾಗಿಲಲ್ಲೂ ತಮಟೆ ನಿಲ್ಲುತ್ತದೆ, ಆ ಮನೆಯ ಮುತ್ತೈದೆ ತಂಬಿಟ್ಟಿನ ಆರತಿ ಹೊತ್ತು ಹೊರಗೆ ಬಂದು ಸಾಲು ಸೇರುತ್ತಾಳೆ, ಆಮೇಲೆ ಮುಂದಿನ ಮನೆ. ತಮಟೆ ನಿಂತ ಬಾಗಿಲಿನಿಂದ ಆರತಿ ಬಾರದೆ ದೇವಿ ಒಂದು ಹೆಜ್ಜೆಯನ್ನೂ ಮುಂದಿಡುವಂತಿಲ್ಲ. ಅದು ಊರಿನ ಕಟ್ಟು.

ನಮ್ಮ ಮನೆಯ ಮುಂದೆ ಮಾತ್ರ ತಮಟೆ ನಿಲ್ಲುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು, ಅವ್ವನ ಹಣೆಯ ಕುಂಕುಮದ ಜೊತೆಗೆ ತಲೆಯ ಮೇಲಿನ ಆರತಿಯೂ ಹೋಯಿತು. ನಮ್ಮ ಬಾಗಿಲು ಬರುತ್ತಿದ್ದಂತೆ ತಮಟೆಯವರು ಬಡಿತ ನಿಲ್ಲಿಸದೆ ಸರಸರನೆ ದಾಟಿಬಿಡುತ್ತಿದ್ದರು. "ನಿನ್ ಮಗನ್ಗೆ ಮದ್ವೆ ಆಗ್ಲಿ ಬುಡವ್ವ, ಸೊಸೆ ಆರತಿ ಎತ್ತಾಳೆ" ಎಂದು ಊರಿನ ಯಜಮಾನರು ಸಮಾಧಾನ ಹೇಳುತ್ತಿದ್ದರು. ಸೊಸೆಯ ಕತೆ ಮೇಲೆ ಹೇಳಿದ್ದೇನಲ್ಲ.

ನನಗೆ ಮೈಯೆಲ್ಲ ಉರಿಯುತ್ತಿದ್ದುದು ಇನ್ನೊಂದು ಸಂಗತಿಗೆ. ಬೀದಿಯ ಅರ್ಧಕ್ಕರ್ಧ ಆರತಿಗಳ ತಂಬಿಟ್ಟಿಗೆ ಹದ ನೋಡುವವಳು ನಮ್ಮವ್ವನೇ. ಹಬ್ಬದ ಹಿಂದಿನ ದಿನ ಹೆಂಗಸರು ಹುರಿದ ಅಕ್ಕಿಹಿಟ್ಟು, ಹುರಿಗಡಲೆ, ಬೆಲ್ಲ ಹೊತ್ತು ನಮ್ಮ ಜಗುಲಿಗೆ ಬರುತ್ತಿದ್ದರು. ಪಾಕ ಎಳೆ ಬಂತೋ ಇಲ್ಲವೋ, ಕೊಬ್ಬರಿ ತುರಿ ಎಷ್ಟು ಬೀಳಬೇಕು, ಬತ್ತಿ ಇಡುವ ಗುಳಿ ಎಷ್ಟು ಆಳ, ಎಲ್ಲಕ್ಕೂ "ಅಕ್ಕಾ, ಸ್ವಲ್ಪ ನೋಡಕ್ಕ" ಎಂದು ಕರೆ. ಆರತಿಗೆ ಸಿಕ್ಕಿಸುವ ಹೊಂಬಾಳೆಯೂ ನಮ್ಮ ತೋಟದ್ದೇ. ತಂಬಿಟ್ಟು ಕಟ್ಟುವುದಕ್ಕೆ ಇಲ್ಲದ ಅಡ್ಡಿ ಬತ್ತಿ ಹಚ್ಚಿದ ಕೂಡಲೇ ಎಲ್ಲಿಂದ ಬರುತ್ತಿತ್ತೋ ಆ ದೇವಿಗೇ ಗೊತ್ತು. ನಾನು ಹಾರಾಡಿದರೆ ಅವ್ವ, "ಹೋಗ್ಲಿ ಬುಡ್ಲಾ, ಅವ್ರೇನು ಬೇಕೂಂತ ಮಾಡ್ತಾರಾ" ಎನ್ನುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಉಳಿದ ಹಿಟ್ಟಿನಲ್ಲಿ ತನಗೊಂದು ಆರತಿ ಕಟ್ಟಿಕೊಳ್ಳುತ್ತಿದ್ದಳು. ಮೆರವಣಿಗೆ ಬೀದಿಯಲ್ಲಿ ಹೋಗುವಾಗ ಅದನ್ನು ದೇವರ ಗೂಡಿನ ಮುಂದೆ ಹಚ್ಚಿಟ್ಟು ಒಳಗೇ ಕೈ ಮುಗಿಯುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ತಮಟೆಯ ಹಿರಿಯರಿಗೆ ಮಂಡಿಯ ಆಪರೇಷನ್ ಆಯಿತು. ಹೊನ್ನವಳ್ಳಿ ಕಡೆಯ ತಂಡವೊಂದನ್ನು ಫೋನಿನಲ್ಲೇ ಗೊತ್ತುಮಾಡಿದರು. ಯಾವ ಮನೆಯ ಮುಂದೆ ನಿಲ್ಲಬಾರದು ಎಂದು ಪೂಜಾರಪ್ಪ ಹೇಳಿರುತ್ತಾರೆ ಎಂದುಕೊಂಡು ಯಜಮಾನರು ಸುಮ್ಮನಿದ್ದರು, ಯಜಮಾನರು ಹೇಳಿರುತ್ತಾರೆ ಎಂದುಕೊಂಡು ಪೂಜಾರಪ್ಪ ಸುಮ್ಮನಿದ್ದರು. ನಮ್ಮ ಬಾಗಿಲಿಗೂ ಎಲ್ಲರಂತೆ ಮಾವಿನ ತೋರಣವಿತ್ತು, ಅಂಗಳದಲ್ಲಿ ರಂಗೋಲಿಯಿತ್ತು. ಮುಂದಾಳು ತಮಟೆಯವನು ನೋಡಿದ, ಕೈ ಎತ್ತಿದ, ತಂಡ ನಮ್ಮ ಬಾಗಿಲಿಗೇ ಮುಖ ಮಾಡಿ ನಿಂತುಬಿಟ್ಟಿತು.

ಸಾಲಿನಲ್ಲಿದ್ದವರೆಲ್ಲ ಯಜಮಾನರ ಕಡೆ ತಿರುಗಿದರು.

"ಮುಂದಕ್ ಹೊಡೀರಪ್ಪ, ಈ ಮನೆ ಇಲ್ಲ" ಎಂದರು ಯಜಮಾನರು.

"ಇಲ್ಲ ಅಂದ್ರೆ? ಕಣ್ಮುಂದ್ಲೇ ಐತಲ್ಲ ಸ್ವಾಮಿ!" ಎಂದ ತಮಟೆಯವನು.

ವಿಷಯ ಕಿವಿಯಲ್ಲಿ ಹೇಳಿದರು. ಅವನು ತಲೆ ಕೆರೆದುಕೊಂಡ. "ಮೊದ್ಲೇ ಹೇಳ್ಬೇಕಿತ್ತು ನೀವು. ನಿಂತ ವಾದ್ಯನ ಹಂಗೇ ಎತ್ಕಂಡೋಗಕ್ಕೆ ನನ್ ಕೈಲಾಗಲ್ಲ. ನಮಗೂ ಮಕ್ಳು ಮರಿ ಅವ್ರೆ."

ಪಂಚಾಯಿತಿ ಶುರುವಾಯಿತು. ಪಕ್ಕದ ಮನೆಯ ಸೊಸೆಯೇ ಇವರ ಆರತಿಯನ್ನೂ ಹೊರಲಿ ಎಂದರು ಒಬ್ಬರು. "ನಂಗಿರಾದು ಒಂದೇ ತಲೆ ಕಣ್ರೀ" ಎಂದಳು ಆಕೆ. ಸಾಲಿನ ಹಿಂದಿನಿಂದ, "ಬೇಗ ಏನಾದ್ರೂ ಮಾಡ್ರಪ್ಪ, ತುಪ್ಪ ಎಲ್ಲ ನನ್ ಕಿವಿ ಮೇಲೆ ಇಳೀತಾ ಐತೆ" ಎಂದು ಇನ್ನೊಬ್ಬಳು ಕೂಗಿದಳು. ಯಜಮಾನರಿಗೆ ಸಿಟ್ಟು ತೋರಿಸಲು ಸಿಕ್ಕವನು ನಾನು. "ಎಲ್ಲಾ ಇವನಿಂದ ಆಗಿದ್ದು. ಕಾಲಕ್ ಸರಿಯಾಗಿ ಮದ್ವೆ ಆಗಿದ್ರೆ ಈ ತಾಪತ್ರಯ ಇರ್ತಿತ್ತಾ?"

"ಹೆಣ್ ಕೊಡಿ ಯಜಮಾನ್ರೇ, ಇಲ್ಲೇ ತಾಳಿ ಕಟ್ತೀನಿ. ವಾದ್ಯನೂ ಐತೆ, ದೇವ್ರೂ ಐತೆ" ಎಂದೆ.

ಬೀದಿಯೆಲ್ಲ ನಕ್ಕಿತು, ಪೂಜಾರಪ್ಪನ ತಲೆಯ ಮೇಲೆ ದೇವಿಯೂ ಅಲುಗಾಡಿದಳು. ಆ ನಗುವಿನ ನಡುವೆ ಮೊದಲನೇ ಆರತಿ ಹೊತ್ತಿದ್ದ ಯಜಮಾನರ ತಾಯಿ, ಊರಿಗೇ ಹಿರಿಯ ಮುತ್ತೈದೆ, ಸಾಲು ಬಿಟ್ಟು ಮುಂದೆ ಬಂದರು. ಆ ಅಜ್ಜಿ ಬಾಯಿ ತೆರೆದರೆ ಯಜಮಾನರೂ ಬಾಯಿ ಮುಚ್ಚುತ್ತಾರೆ.

"ಗುಡೀಲಿ ಆ ತಾಯಿ ಒಬ್ಳೇ ಕುಂತವ್ಳೆ. ನಿನ್ ಗಂಡ ಎಲ್ಲವ್ನೆ ಅಂತ ಅವಳನ್ನ ಯಾರಾದ್ರೂ ಕೇಳಿದೀರೇನ್ಲಾ? ಬಾಗ್ಲಿಗೆ ಬಂದು ನಿಂತವ್ಳೆ ಅಂದ್ರೆ ಈ ಮನೆ ಆರತಿ ಬೇಕು ಅಂತ ತಾನೇ? ಹೋಗ್ಲಾ, ನಿಮ್ಮವ್ವನ್ ಕರಿ."

ನಾನು ಒಳಗೆ ಓಡಿದೆ. ಅವ್ವ ದೇವರ ಗೂಡಿನ ಮುಂದೆ ಗೋಡೆಗಾತು ನಿಂತಿದ್ದಳು. ಹೊರಗಿನದೆಲ್ಲ ಅವಳಿಗೆ ಕೇಳಿಸಿತ್ತು. "ಬ್ಯಾಡ ಕಣ್ಲಾ. ನಾಳೆ ಊರಲ್ಲಿ ಯಾರಿಗಾದ್ರೂ ತಲೆನೋವು ಬಂದ್ರೂ ನನ್ನೇ ಅಂತಾರೆ" ಎಂದಳು. ನನಗೆ ಏನೇನೋ ಹೇಳಬೇಕೆನ್ನಿಸಿತು. ಕೊನೆಗೆ ಹೇಳಿದ್ದು ಇಷ್ಟೇ: "ಅವ್ವ, ಅವರದ್ದೆಲ್ಲ ತುಪ್ಪ ಸೋರ್ತಾ ಐತೆ. ನಿಂದು ನೋಡು, ಒಂದ್ ತೊಟ್ಟೂ ಚೆಲ್ಲಿಲ್ಲ."

ಅವಳು ತನ್ನ ಆರತಿಯನ್ನು ಒಮ್ಮೆ ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, "ಎತ್ಕೊಡು" ಎಂದಳು.

ಅವಳು ಹೊಸ್ತಿಲು ದಾಟುತ್ತಿದ್ದಂತೆ ತಮಟೆಯವರು ಬಡಿದ ಬಡಿತಕ್ಕೆ ನಮ್ಮ ಹೆಂಚೆಲ್ಲ ಅದುರಿತು. ಪಕ್ಕದ ಮನೆಯ ಸೊಸೆ ತನ್ನ ಆರತಿಯಿಂದ ಹೊಂಬಾಳೆಯ ಒಂದು ಎಳೆ ಕಿತ್ತು ಅವ್ವನ ಆರತಿಗೆ ಸಿಕ್ಕಿಸಿದಳು. ಉಳಿದ ಹೆಂಗಸರು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಹುಷಾರಾಗಿ ನಡೆಯುತ್ತಿದ್ದರು. ತೋಟದಿಂದ ಅಟ್ಟಕ್ಕೆ ಜೀವಮಾನವೆಲ್ಲ ತೆಂಗಿನಕಾಯಿ ಮಕ್ಕರಿ ಹೊತ್ತವಳು ನಮ್ಮವ್ವ. ಎರಡು ಮನೆ ದಾಟುವುದರೊಳಗೆ ಕೈ ಬಿಟ್ಟು ನಡೆಯತೊಡಗಿದಳು. ನಾನು ನಾಚಿಕೆಯಿಲ್ಲದೆ ಅತ್ತೆ, ನಗುತ್ತಲೂ ಇದ್ದೆ. ಗುಡಿಯಲ್ಲಿ ಅಜ್ಜಿ ಎಲ್ಲರಿಗಿಂತ ಮೊದಲು ನಮ್ಮ ತಂಬಿಟ್ಟನ್ನು ಮುರಿದು ಬಾಯಿಗೆ ಹಾಕಿಕೊಂಡರು. ಅಲ್ಲಿಗೆ ಗೊಣಗುವವರ ಬಾಯಿಯೂ ಮುಚ್ಚಿತು.

ಮುಂದಿನ ಹಬ್ಬಕ್ಕೆ ನಮ್ಮೂರಿನ ತಮಟೆಯವರೇ ಬಂದರು, ನಮ್ಮ ಬಾಗಿಲಲ್ಲಿ ತಾವಾಗಿಯೇ ನಿಂತರು. ಊರಿನಲ್ಲಿ ಯಾರಿಗೂ ತಲೆನೋವು ಬಂದಿರಲಿಲ್ಲ. ಬಂದಿದ್ದರೂ ನಮ್ಮ ಮನೆಗೆ ಸುದ್ದಿ ಮುಟ್ಟಲಿಲ್ಲ.

ಕಳೆದ ಹಬ್ಬದಲ್ಲಿ ಮೆರವಣಿಗೆ ಬೀದಿಯ ಕೊನೆಗೆ ಬಂದಿತ್ತು. ಅಲ್ಲಿನ ಮನೆಯ ಹುಡುಗಿಯ ಗಂಡ ಲಾರಿ ಓಡಿಸುತ್ತಿದ್ದವನು, ಹಿಂದಿನ ಬೇಸಗೆಯಲ್ಲಿ ತೀರಿಹೋಗಿದ್ದ. ಬಾಗಿಲು ಅರ್ಧ ಮುಚ್ಚಿತ್ತು. ನಮ್ಮವ್ವನದು ಅಜ್ಜಿಯ ಮಾತಿನಿಂದ ಆದದ್ದು, ಹೊಸಬರಿಗೆ ಹೇಗೋ ಏನೋ ಎಂದುಕೊಂಡು ತಮಟೆಯವರು ಬಡಿಯುತ್ತಲೇ ದಾಟಿದರು. ಅವ್ವ ದಾಟಲಿಲ್ಲ. ಆ ಬಾಗಿಲಿಗೆ ನೇರವಾಗಿ, ತಲೆಯ ಮೇಲೆ ಆರತಿ ಹೊತ್ತು ನಿಂತುಬಿಟ್ಟಳು. ಅವಳ ಹಿಂದೆ ಸಾಲೂ ನಿಂತಿತು.

"ಯಾಕ್ ನಿಂತೆ, ನಡಿಯವ್ವ" ಎಂದರು ಯಜಮಾನರು.

"ಈ ಮನೆದು ಬಂದಿಲ್ಲ ಕಣ್ರೀ" ಎಂದಳು ಅವ್ವ.

ಮುಂದೆ ಹೋಗಿದ್ದ ತಮಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಪಸು ಬಂದರು, ಆ ಬಾಗಿಲಿಗೆ ಮುಖ ಮಾಡಿ ನಿಂತರು. ಬೆಳಿಗ್ಗೆ ಅವ್ವ ತಟ್ಟೆಗೆ ಬಾಳೆಲೆ ಮುಚ್ಚಿಕೊಂಡು ಈ ಕಡೆಗೆ ಬಂದದ್ದು ನನಗೆ ಆಗ ನೆನಪಾಯಿತು. ಬಾಗಿಲು ತೆರೆಯಿತು. ಹುಡುಗಿ ತಲೆಯ ಮೇಲಿನ ಆರತಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಕಣ್ಣು ನೆಲಕ್ಕೆ ಹಾಕಿ ಹೊರಗೆ ಬಂದಳು. ಅವ್ವ ಪಕ್ಕಕ್ಕೆ ಸರಿದು ತನ್ನ ಮುಂದೆ ಜಾಗ ಬಿಟ್ಟಳು.

"ಕತ್ತು ನೆಟ್ಟಗಿಟ್ಕಳವ್ವ, ಬೀಳಲ್ಲ" ಎಂದಳು. "ಎರಡ್ ಮನೆ ದಾಟೋವರ್ಗೂ ನಂಗೂ ಹಿಂಗೇ ಆಗಿತ್ತು."