ಎಲೆಯ ತುದಿಯ ಮಿಡಿ

ಯಾವ ಹೋಟೆಲಿಗೆ ಹೋದರೂ ನಾನು ಮೊದಲು ಕೈ ತೊಳೆಯುವ ಜಾಗಕ್ಕೆ ಹೋಗುತ್ತೇನೆ. ಕೈ ತೊಳೆಯುವುದೇನೋ ಸರಿ, ಆದರೆ ಹೋಗುವುದು ಅಲ್ಲಿಂದ ಅಡುಗೆಮನೆಯ ಒಳಗು ಕಾಣುತ್ತದೆ ಅಂತ. ಹಳೆಯ ಪಂಪು, ತೋಟಕ್ಕೆ ಔಷಧಿ ಹೊಡೆಯುವ ಮೋಟರು ಕೊಂಡು, ರಿಪೇರಿ ಮಾಡಿ ಮಾರುವುದು ನನ್ನ ದಂಧೆ. ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ವಾರವಿಡೀ ತಿರುಗಾಟ, ಮಧ್ಯಾಹ್ನದ ಊಟ ಹೊರಗೇ. ಹಳೇ ಮೋಟರು ಹೊಸ ಬಣ್ಣ ಬಳಿದುಕೊಂಡು ಹೊಳೆಯುತ್ತಿದ್ದರೆ ಒಳಗೆ ಏನೋ ಸುಟ್ಟಿದೆ ಎಂದೇ ತಿಳಿಯಬೇಕು. ಹೋಟೆಲುಗಳನ್ನೂ ನಾನು ಹಾಗೇ ನೋಡುವುದು.

ಸಿಗಂದೂರಿಗೆ ಹೊರಟ ನೆಂಟರೆಲ್ಲ ಊಟಕ್ಕೆ ಎಲ್ಲಿ ಹೋಗುವುದೆಂದು ನನ್ನನ್ನು ಕೇಳುತ್ತಾರೆ. ಕೇಳದವರಿಗೂ ಹೇಳುತ್ತೇನೆ. ಬಸ್ಸು ನಿಂತ ಕಡೆ ರುಚಿ ಇರುತ್ತದೆಂದು ನಂಬಬೇಡಿ, ಡ್ರೈವರಿಗೆ ಅಲ್ಲಿ ಊಟ ಪುಕ್ಕಟೆ ಇರಬಹುದು. ಸಾಗರದಲ್ಲಿ ನಾನು ಹೋಗುವ ಹೋಟೆಲಿನ ದೋಸೆ ಗರಿಗರಿ, ಆದರೆ ಜನ ಹೆಚ್ಚಿದ ಹಾಗೆ ಚಟ್ನಿ ತೆಳ್ಳಗಾಗುತ್ತದೆ. ತೀರ್ಥಹಳ್ಳಿಯ ಒಂದು ಕಡೆ ಬೆಳಿಗ್ಗೆ ಸಿಗುವ ಕಡುಬು ಹತ್ತಿಯ ಹಾಗಿರುತ್ತದೆ. ಮಧ್ಯಾಹ್ನ ಅದನ್ನೇ ಮತ್ತೆ ಹಬೆಗಿಟ್ಟು ಕೊಡುತ್ತಾರೆ. ಬೆರಳಲ್ಲಿ ಒತ್ತಿ ನೋಡಿ, ಅಂಚು ಗಟ್ಟಿ ಇದ್ದರೆ ಎದ್ದು ಬನ್ನಿ. "ಸ್ಪೆಷಲ್ ಏನಿದೆ?" ಅಂತ ಮಾತ್ರ ಯಾವತ್ತೂ ಕೇಳಬೇಡಿ. ಖರ್ಚಾಗದೆ ಉಳಿದದ್ದನ್ನೇ ಹೇಳುತ್ತಾರೆ.

ಹೊಸನಗರದ ಆ ಹೋಟೆಲಿಗೆ ಬೋರ್ಡೇ ಇಲ್ಲ. ಮನೆಯ ಜಗುಲಿಯಲ್ಲಿ ಕೆಲವು ಮೇಜು ಹಾಕಿದ್ದಾರೆ. ಹೆಂಡತಿ ಒಳಗೆ ಅಡುಗೆ ಮಾಡುತ್ತಾರೆ, ಗಂಡ ಬಡಿಸುತ್ತಾರೆ. ಬೋರ್ಡು ಯಾಕಿಲ್ಲ ಎಂಬ ಅನುಮಾನದಲ್ಲೇ ಎಲೆಯ ಮುಂದೆ ಕೂತೆ. ಅನ್ನ, ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ. ತಂಬುಳಿಗೆ ನೀರು ಬೆರೆಸಿರಲಿಲ್ಲ. ಎಲೆಯ ತುದಿಯಲ್ಲಿ ಒಂದೇ ಒಂದು ಮಾವಿನ ಮಿಡಿ ಉಪ್ಪಿನಕಾಯಿ. ಕಚ್ಚಿದೆ. ಮೊದಲು ಜೀರಿಗೆಯ ಪರಿಮಳ, ಅದರ ಬೆನ್ನಿಗೆ ಕರ್ಪೂರದ್ದು. ತುತ್ತು ಕಲೆಸುತ್ತಿದ್ದ ಕೈ ಹಾಗೇ ನಿಂತಿತು.

ನಮ್ಮ ಕಡೆ ಮಿಡಿಗೆ ಬೆಲೆ ಬರುವುದು ಅದರ ಮರದಿಂದ. ಒಂದು ಮರದ ಸೊನೆಯ ವಾಸನೆ ಇನ್ನೊಂದಕ್ಕಿರುವುದಿಲ್ಲ. ಊರಿನಲ್ಲಿ ಹಳ್ಳದ ದಂಡೆಯಲ್ಲಿದ್ದ, ಇದೇ ಪರಿಮಳದ ಮಿಡಿ ಬಿಡುತ್ತಿದ್ದ ನಮ್ಮ ಮರ ಹಿಂದಿನ ಒಂದು ಮಳೆಗಾಲದಲ್ಲಿ ಬುಡಸಮೇತ ಮಗುಚಿತ್ತು. ಅದರ ಮಿಡಿಯ ಕೊನೆಯ ಜಾಡಿ ಈ ವರ್ಷ ಖಾಲಿಯಾಯಿತು. ಆಮೇಲೆ ಅಮ್ಮ ಗಂಜಿ ತಟ್ಟೆಯನ್ನು ಅರ್ಧಕ್ಕೇ ದೂಡತೊಡಗಿದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, "ಕಾಯಿಲೆ ಏನಿಲ್ಲ, ಚೆನ್ನಾಗಿ ತಿನ್ನಿಸಿ" ಎಂದರು. ಹೇಗೆ ತಿನ್ನಿಸುವುದು? ನಾನು ತಂದ ಉಪ್ಪಿನಕಾಯಿಯನ್ನೆಲ್ಲ ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದಳು. ಅವಳ ರವಿಕೆಯ ತೋಳು ದಿನದಿನಕ್ಕೆ ಸಡಿಲವಾಗುತ್ತಿದ್ದುದನ್ನು ನೋಡಿ ನನಗೆ ಹೆದರಿಕೆಯಾಗಿತ್ತು.

ಕೇಳುವಾಗ ಮಾತ್ರ ದಂಧೆಯ ಬುದ್ಧಿ ಬಿಡಲಿಲ್ಲ. ಬೇಕಾದದ್ದನ್ನು ಮೊದಲು ಹಳಿಯಬೇಕು, ಆಮೇಲೆ ಕೇಳಬೇಕು.

"ಮಿಡಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಮಾರಾಯ್ರೆ. ಇರ್ಲಿ, ಒಂದು ಡಬ್ಬಿ ಕೊಡ್ತೀರಾ?"

ಹೋಟೆಲಿನವರು ಸಾರಿನ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಉಪ್ಪು ಮುಂದಾಗಿದ್ರೆ ಡಬ್ಬಿ ಎಂತಕ್ಕೆ?"

"ಯಾವ ಕಡೆ ಮರದ್ದು?"

"ಮರದ್ದೇ."

ಅಷ್ಟೇ. ಮರದ ಗುರುತು ಹೇಳಿದರೆ ಮರುವರ್ಷ ಮಿಡಿ ಇನ್ಯಾರದೋ ಚೀಲದಲ್ಲಿರುತ್ತದೆ, ಅದು ನನಗೂ ಗೊತ್ತು. ಆದರೂ ದಾರಿಯುದ್ದಕ್ಕೂ ಅನುಮಾನ. ರೇಟು ಏರಿಸಲು ಆಟ ಆಡುತ್ತಿದ್ದಾರೋ? ರಸಕ್ಕೆ ಏನಾದರೂ ಎಸೆನ್ಸು ಬಿಟ್ಟಿದ್ದಾರೋ?

ಮುಂದಿನ ವಾರ ಮತ್ತೆ ಹೋದೆ. ಈ ಸಲ ಮಿಡಿಯನ್ನು ಮುಟ್ಟಲಿಲ್ಲ. ಊಟ ಮುಗಿಸಿ, ಎಲೆಯ ತುದಿಯನ್ನೇ ಹರಿದು ಅದರಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡೆ. ಅಂಗಿಗೆ ಕೆಂಪು ರಸ ಇಳಿದದ್ದು ನನಗೆ ಗೊತ್ತಾಗಲಿಲ್ಲ. ಹೋಟೆಲಿನವರಿಗೆ ಗೊತ್ತಾಯಿತು.

"ಕಿಸೆಗೆ ಎಂತ ಹಾಕ್ಕೊಂಡ್ರಿ? ಯಾವ ಉಪ್ಪಿನಕಾಯಿ ಕಂಪನಿಯವ್ರು ನೀವು? ಸ್ಯಾಂಪಲ್ಲಾ?"

ಪಕ್ಕದ ಮೇಜಿನವರು ಉಣ್ಣುವುದನ್ನು ನಿಲ್ಲಿಸಿದರು. ಬೇರೆ ದಾರಿ ಕಾಣದೆ ಅಮ್ಮನ ವಿಷಯ ಹೇಳಿದೆ.

"ಓಹೋ, ಅಮ್ಮನ ಕತೆ! ಹಾಗಾದ್ರೆ ಫೋನ್ ಹಚ್ಚಿ. ಸ್ಪೀಕರ್ ಹಾಕಿ" ಎಂದರು. ನಾನೇ ಆ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ.

ಹಚ್ಚಿದೆ. "ಅಮ್ಮಾ, ಇಲ್ಲೊಂದು ಹೋಟೆಲಲ್ಲಿ ನಮ್ಮ ಮರದ ಹಾಂಗಿನ ಮಿಡಿ ಇದೆ."

"ಹೋಟೆಲಲ್ಲಾ?" ಅಮ್ಮನ ದನಿ ಜಗುಲಿಗೆಲ್ಲ ಕೇಳಿಸಿತು. "ನಿಂಗೆ ಯಾರೋ ಟೋಪಿ ಹಾಕ್ತಿದ್ದಾರೆ ಮಗಾ. ತೊಟ್ಟು ಇದ್ಯಾ ನೋಡು. ಕೋಲಲ್ಲಿ ಬಡಿದು ಉದುರಿಸಿದ್ದೋ, ಕೈಯಲ್ಲಿ ಕೊಯ್ದಿದ್ದೋ ಕೇಳು."

ಅಷ್ಟರಲ್ಲಿ ಒಳಗಿದ್ದ ಹೋಟೆಲಿನವರ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. "ಕೈಯಲ್ಲೇ ಕೊಯ್ದು ಬುಟ್ಟೀಲಿ ಇಳಿಸಿದ್ದು ಅಮ್ಮಾ. ಒಂದೂ ನೆಲ ಮುಟ್ಟಿಲ್ಲ."

"ಎಲ್ಲರೂ ಹಾಂಗೇ ಹೇಳ್ತಾರೆ" ಎಂದು ಅಮ್ಮ ಫೋನಿಟ್ಟಳು.

ಹೆಂಡತಿ ಜೋರಾಗಿ ನಕ್ಕರು. "ಇವ್ರ ಅಮ್ಮ ನಿಜವೇ, ಬಿಡಿ. ಇನ್ನೊಂದು ಮಿಡಿ ಕಟ್ಟಿ ಕೊಡಿ." ಗಂಡ ಕಟ್ಟಿದರು, ಆದರೆ ಕೊಡುವಾಗ ಬೆರಳೆತ್ತಿದರು. "ಡಬ್ಬಿ ಮಾತ್ರ ಕೇಳ್ಬೇಡಿ. ಹೊಸ ಮಿಡಿ ಬರೋ ತನಕ ಎಲೆಗೆ ಬೇಕು."

ಮನೆಗೆ ಬಂದು ಅಮ್ಮನ ಗಂಜಿಯ ಪಕ್ಕ ಒಂದನ್ನೇ ಇಟ್ಟೆ. ಇರುವುದೆಲ್ಲವನ್ನೂ ಒಂದೇ ಸಲ ಮುಂದಿಡಬಾರದು. ಅಮ್ಮ ತೊಟ್ಟು ಮುರಿದು ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.

"ನಮ್ಮ ಮರದ್ದಲ್ಲ."

ಇದನ್ನೂ ಪಕ್ಕಕ್ಕಿಡುತ್ತಾಳೆ ಅಂದುಕೊಂಡೆ.

"ನಮ್ಮದ್ರಲ್ಲಿ ಕರ್ಪೂರ ಇಷ್ಟು ಬೇಗ ಬರ್ತಿರ್ಲಿಲ್ಲ" ಎನ್ನುತ್ತ ತುದಿ ಕಚ್ಚಿ ಒಂದು ತುತ್ತು ಗಂಜಿ ಉಂಡಳು. "ಸಾಸಿವೆ ನುಣ್ಣಗಾಗಿಲ್ಲ." ಮತ್ತೊಂದು ತುತ್ತು. "ಉಪ್ಪು ಮುಂದಾಗಿದೆ." ಆ ಮಾತು ಕೇಳಿ ನನಗೆ ನಗು ಬಂತು, ತಡೆದುಕೊಂಡೆ. ಹೀಗೆ ಒಂದೊಂದೇ ತಪ್ಪು ಹುಡುಕುತ್ತ ತಟ್ಟೆಯ ತಳ ಕಂಡಳು. ಮಿಡಿಯೊಳಗಿನ ಎಳೆ ಓಟೆಯನ್ನೂ ಬಿಡಲಿಲ್ಲ.

ತಟ್ಟೆಯನ್ನು ಈ ಸಲವೂ ದೂಡಿದಳು. ನನ್ನ ಕಡೆಗೆ. ಕಣ್ಣು ನನ್ನ ಕಿಸೆಯ ಕೆಂಪು ಕಲೆಯ ಮೇಲಿತ್ತು.

"ಒಂದ್ರಲ್ಲಿ ಹೇಳಕ್ಕಾಗಲ್ಲ. ಕಿಸೆಯಲ್ಲಿರೋ ಇನ್ನೊಂದು ತೆಗಿ. ಗಂಜೀನೂ ಹಾಕು, ಬರೀ ಬಾಯಲ್ಲಿ ಗೊತ್ತಾಗಲ್ಲ."